ವರ್ಗೀಸರ ಪೆಟ್ಟಿಗೆ

“ವರ್ಗೀಸ್ ಯಾರು?”

ದುಬೈ ವಿಮಾನ ನಿಲ್ದಾಣದ ಕಸ್ಟಮ್ಸ್ ಅಧಿಕಾರಿ ಇಂಗ್ಲಿಷಿನಲ್ಲಿ ಕೇಳಿದರು. ನನ್ನ ಪಾಸ್‌ಪೋರ್ಟಿನಲ್ಲಿ ಒಂದು ಹೆಣ್ಣುಮಗಳ ಹೆಸರಿತ್ತು. ಪೆಟ್ಟಿಗೆಯ ಮುಚ್ಚಳದ ಮೇಲೆ ಬಿಳಿ ಬಣ್ಣದ ದಪ್ಪ ಅಕ್ಷರಗಳಲ್ಲಿ ಗಂಡಸಿನ ಹೆಸರು.

“ಕೊಚ್ಚಿಯಲ್ಲಿ ನಾನಿದ್ದ ಹಾಸ್ಟೆಲಿನ ಯಜಮಾನಿಯ ಗಂಡ” ಎಂದೆ. ನಿಜವೇ. ಆದರೂ ಹೇಳುವಾಗ ನನಗೇ ಸುಳ್ಳಿನಂತೆ ಕೇಳಿಸಿತು.

“ತೆಗೆಯಿರಿ” ಎಂದರು.

ಅವರು ನನ್ನ ಬಟ್ಟೆಗಳನ್ನು ಒಂದೊಂದಾಗಿ ಎತ್ತುತ್ತಿದ್ದರು. ನಾನು ನೋಡುತ್ತಿದ್ದುದು ಅವರ ಬೆರಳ ತುದಿಗಳನ್ನು. ಅಲ್ಲಿ ಒಂದು ಗಸಗಸೆ ಕಾಳು ಅಂಟಿಕೊಂಡರೂ ನನ್ನ ಇಂಟರ್ನ್‌ಶಿಪ್ ಶುರುವಾಗುವ ಮೊದಲೇ ಮುಗಿದಂತೆ. ಅಷ್ಟಕ್ಕೇ ಮುಗಿದರೆ ಪುಣ್ಯ.

ನಮ್ಮದು ಧಾರವಾಡದ ಕಡೆಯ ಮನೆತನ. ಅಪ್ಪನಿಗೆ ಬಾಹ್ಯಾಕಾಶ ಸಂಸ್ಥೆಯಲ್ಲಿ ಕೆಲಸವಾದ್ದರಿಂದ ನಾನು ಬೆಳೆದದ್ದು ತಿರುವನಂತಪುರದಲ್ಲಿ. ಅಮ್ಮ ಇಂದಿಗೂ ಧಾರವಾಡದ ಕನ್ನಡದಲ್ಲಿ ಕೇಳುತ್ತಾಳೆ, ನನ್ನ ಉತ್ತರ ಅರ್ಧ ಮಲಯಾಳದಲ್ಲಿರುತ್ತದೆ. ಹಡಗು ಸಾಗಣೆಯ ಕಂಪನಿಯೊಂದು ದುಬೈಯಲ್ಲಿ ಇಂಟರ್ನ್‌ಶಿಪ್ ಕೊಟ್ಟಿತು. ಮೊದಲು ಕೆಲವು ವಾರ ಕೊಚ್ಚಿಯ ವಿಲ್ಲಿಂಗ್ಡನ್ ಐಲ್ಯಾಂಡಿನಲ್ಲಿರುವ ಅವರ ಕಚೇರಿಯಲ್ಲಿ ತರಬೇತಿ, ಬಳಿಕ ಅಲ್ಲಿಂದಲೇ ವಿಮಾನ. ಹಾಗಾಗಿ ನಾನು ಊರು ಬಿಟ್ಟದ್ದು ತಿರುವನಂತಪುರದ ತಂಪಾನೂರು ಬಸ್ ನಿಲ್ದಾಣದಿಂದ. ಬಸ್ ಹತ್ತುವ ಮೊದಲು ಅಮ್ಮ ನನ್ನ ಸೂಟ್‌ಕೇಸ್ ತೆರೆಸಿ ಒಂದು ಸ್ಟೀಲ್ ಡಬ್ಬಿ ತುರುಕಿದಳು.

“ಅಂಟಿನ ಉಂಡಿ. ಗಸಗಸಿ ಜಾಸ್ತಿನ ಹಾಕೀನಿ. ಹೊಸಾ ಊರಾಗ ನಿದ್ದಿ ಹತ್ತಂಗಿಲ್ಲ ನಿನಗ. ಮಲಗೂಮುಂದ ಒಂದು ತಿನ್ನು.”

“ಕೊಚ್ಚಿಯಲ್ಲೇ ಖಾಲಿ ಮಾಡ್ತೀನಿ ಅಮ್ಮಾ.”

“ಕೊಚ್ಚಿ ಎಲ್ಲಿ ಹೊಸಾ ಊರು? ಇದು ದುಬೈಗೆ.”

ನಾನು ಮಾತು ಕೇಳುವ ಮಗಳು. ಡಬ್ಬಿಯನ್ನು ಮುಟ್ಟಲಿಲ್ಲ.

ಹೊರಡುವ ದಿನ ಬೆಳಿಗ್ಗೆ ಹಾಸ್ಟೆಲಿನ ಲಿಸಿ ಚೇಚಿ ಸೂಟ್‌ಕೇಸ್ ಮುಚ್ಚಲು ಸಹಾಯಕ್ಕೆ ಬಂದರು. ಚೇಚಿ ಎಂದರೆ ಅಕ್ಕ. ಬರಿಗೈಯಲ್ಲಿ ಕಳಿಸುವುದು ಹೇಗೆಂದು ಡಬ್ಬಿಗೆ ಕೈಹಾಕಿ ಒಂದು ಉಂಡೆ ಕೊಟ್ಟೆ. ಅವರು ಕಚ್ಚಿದರು, ಎರಡು ಸಲ ಅಗಿದರು, ಆಮೇಲೆ ಅಗಿಯುವುದನ್ನು ನಿಲ್ಲಿಸಿದರು.

“ಮೋಳೇ, ಇದಿಲ್ ಕಶಕಶ ಉಂಡೋ?” ಮಗಳೇ, ಇದರಲ್ಲಿ ಗಸಗಸೆ ಇದೆಯಾ?

“ಇದೆ. ನಿದ್ದೆ ಬರಲಿ ಅಂತ ಅಮ್ಮ ಹಾಕಿದ್ದಾರೆ.”

“ಬರುತ್ತೆ. ಜೈಲಿನಲ್ಲಿ ಬೇರೇನು ಕೆಲಸ, ನಿದ್ದೆಯೇ.”

ನಾನು ನಕ್ಕೆ. ಅವರು ನಗಲಿಲ್ಲ. ಅವರ ಗಂಡ ವರ್ಗೀಸ್ ಗಲ್ಫಿನಲ್ಲಿ ದುಡಿದು ಹಿಂತಿರುಗಿದವರು. ಅಫೀಮಿನ ಗಿಡದ ಬೀಜವೆಂದು ದುಬೈಯಲ್ಲಿ ಗಸಗಸೆ ನಿಷಿದ್ಧ. ಮಗನನ್ನು ಅಲ್ಲಿಗೆ ಕಳಿಸುವ ಮಲಯಾಳಿ ತಾಯಿ ಮಸಾಲೆ ಪುಡಿ ಕಟ್ಟುವಾಗಲೂ ಇದನ್ನು ಮರೆಯುವುದಿಲ್ಲವಂತೆ. ನಾವಿದ್ದ, ಅಪ್ಪನ ಸಂಸ್ಥೆಯ ವಸತಿ ಗೃಹಗಳಿಂದ ಗಲ್ಫಿಗೆ ಹೋದವರು ಯಾರೂ ಇರಲಿಲ್ಲ. ಇಷ್ಟು ವರ್ಷ ಕೇರಳದಲ್ಲಿದ್ದೂ, ಕೇರಳಕ್ಕೆಲ್ಲ ಗೊತ್ತಿದ್ದ ಮಾತೊಂದು ನಮ್ಮ ಮನೆಯ ಹೊಸ್ತಿಲು ದಾಟಿರಲಿಲ್ಲ.

ಡಬ್ಬಿಯನ್ನು ಹೊರತೆಗೆದರೆ ಮುಗಿಯುವ ಕೆಲಸವಾಗಿರಲಿಲ್ಲ. ಬಸ್ಸಿನ ಕುಲುಕಾಟಕ್ಕೆ ಅದರ ಮುಚ್ಚಳ ಸಡಿಲವಾಗಿತ್ತು. ಕೊಚ್ಚಿಯ ಸೆಕೆಗೆ ಬೆಲ್ಲ ಬೆವತಿತ್ತು. ಉಂಡೆಯಿಂದ ಉದುರಿದ ಗಸಗಸೆಯ ಅಂಟುಪುಡಿ ಸೂಟ್‌ಕೇಸಿನ ಮೂಲೆಗಳಲ್ಲಿ, ಮಡಿಕೆಗಳಲ್ಲಿ, ಜೇಬುಗಳಲ್ಲಿ ಸೇರಿಕೊಂಡಿತ್ತು. ಬೆಳ್ಳಗಿನ, ರವೆಗಿಂತ ಸಣ್ಣ ಕಾಳು. ಬಿಳಿ ಕುರ್ತಾದ ಮೇಲೆ ಬಿದ್ದರೆ ಕಾಣುವುದೂ ಇಲ್ಲ.

ಚೇಚಿ ಮತ್ತು ನಾನು ಎಲ್ಲವನ್ನೂ ಹೊತ್ತು ತಾರಸಿಗೆ ಹೋದೆವು. ಒಂದೊಂದು ಬಟ್ಟೆಯನ್ನೂ ಒಳಹೊರಗು ಮಾಡಿ ಕೊಡವಿದೆವು. ಹೊಲಿಗೆಗಳ ಮೇಲೆ ಸೆಲ್ಲೊಟೇಪ್ ಒತ್ತಿ ಕಿತ್ತೆವು. ಅಮ್ಮನೇ ಕಸೂತಿ ಹಾಕಿದ ಶಾಲನ್ನು ಚೇಚಿ ಬಿಸಿಲಿಗೆ ಹಿಡಿದು ನೋಡಿದರು.

“ಇಷ್ಟು ದಟ್ಟ ಹೊಲಿಗೆ. ಇದನ್ನು ನಂಬಲಾಗದು, ಇದು ಇಲ್ಲೇ ಇರಲಿ.”

“ಅದು ಅಮ್ಮನದು.”

“ಅದಕ್ಕೇ ಹೇಳಿದ್ದು, ನನ್ನ ಹತ್ತಿರ ಇರಲಿ ಅಂತ.”

ಸೂಟ್‌ಕೇಸಿನ ಅಸ್ತರಿಯನ್ನು ಎಷ್ಟು ಉಜ್ಜಿದರೂ ಚೇಚಿಗೆ ಸಮಾಧಾನವಾಗಲಿಲ್ಲ. ಆಗ ವರ್ಗೀಸ್ ಚೇಟ್ಟನ್, ಅಂದರೆ ವರ್ಗೀಸಣ್ಣ, ಅಟ್ಟದಿಂದ ತಮ್ಮ ಹಳೆಯ ಪೆಟ್ಟಿಗೆ ಇಳಿಸಿ ಧೂಳು ಹೊಡೆದರು. “ತಗೊಂಡು ಹೋಗು” ಎಂದರು. “ಇದಕ್ಕೆ ದಾರಿ ಗೊತ್ತು.”

ಅಧಿಕಾರಿ ಕೊನೆಯ ಬಟ್ಟೆಯನ್ನೂ ಎತ್ತಿಟ್ಟರು. ಕೈಗಳನ್ನು ಒಂದಕ್ಕೊಂದು ಉಜ್ಜಿಕೊಂಡರು. ನನ್ನ ಮುಖ ನೋಡಿದರು. ಇಷ್ಟು ಹೆದರಲು ಈ ಪೆಟ್ಟಿಗೆಯಲ್ಲಿ ಏನಿದೆ ಎಂದು ಅವರಿಗೂ ಅನ್ನಿಸಿರಬೇಕು. ಆಮೇಲೆ “ಯಲ್ಲಾ” ಎಂದರು. ಅದು ನಾನು ಕಲಿತ ಮೊದಲ ಅರಬ್ಬಿ ಮಾತು. ನಡಿ ಎಂದರ್ಥ. ಪೆಟ್ಟಿಗೆ ಮುಚ್ಚಿ ನಡೆದೆ.

ನನ್ನಂಥವರಿಗೆ ಇಲ್ಲಿ ಸಿಗುವುದು ಮನೆಯಲ್ಲ, ಹಾಸಿಗೆ. ‘ಬೆಡ್ ಸ್ಪೇಸ್’ ಎನ್ನುತ್ತಾರೆ. ಕೋಣೆಯೊಂದರ ಮಂಚ, ಮಂಚದ ಕೆಳಗಿನ ನೆಲ, ಗೋಡೆಯ ಒಂದು ಮೊಳೆ. ಅಷ್ಟು ನಿಮ್ಮದು. ತಿರುವನಂತಪುರದಲ್ಲಿ ನನ್ನ ಕೋಣೆಯ ಬಾಗಿಲು ಹಾಕಿಕೊಂಡು ಓದಿದವಳು ನಾನು, ಇಲ್ಲಿ ಪರದೆಯ ಹಿಂದೆ ಬಟ್ಟೆ ಬದಲಿಸಲು ಕಲಿತೆ. ಕೋಣೆಯವರೆಲ್ಲ ಮಲಯಾಳಿಗಳು. ಕೇರಳದಲ್ಲಿ ನಾನು ಕರ್ನಾಟಕದವಳು, ಇಲ್ಲಿ ಯಾರೂ ಕೇಳದೆಯೇ ಮಲಯಾಳಿ. ಮಂಚದ ಕೆಳಗಿನ ಪೆಟ್ಟಿಗೆ ನೋಡಿ ಹೆಸರನ್ನೂ ಅವರೇ ಇಟ್ಟರು: “ಎಡಾ ವರ್ಗೀಸೇ, ಚಾಯ ವೇಣೋ?” ಲೋ ವರ್ಗೀಸ, ಚಹಾ ಬೇಕಾ? ಬೇಕೆಂದು ನಾನು ಓಗೊಡುತ್ತೇನೆ.

ತಲುಪಿದ ವಾರವೇ ಅಮ್ಮ ಫೋನಿನಲ್ಲಿ ಕೇಳಿದಳು, “ಉಂಡಿ ತಿಂತೀಯಿಲ್ಲೊ?” ನಡೆದದ್ದನ್ನೆಲ್ಲ ಹೇಳಿದೆ.

“ಅಂದ್ರ, ನಾನ ನಿನ್ನ ಜೇಲಿಗೆ ಕಳಸ್ತಿದ್ದೆ.”

“ಹಾಗಲ್ಲ ಅಮ್ಮಾ.”

“ಮತ್ತ ಹೆಂಗ?”

ಫೋನ್ ಇಟ್ಟುಬಿಟ್ಟಳು. ಆಮೇಲೆ ಕರೆದಾಗಲೆಲ್ಲ ಅಪ್ಪನೇ ಎತ್ತುತ್ತಿದ್ದರು. ಅಮ್ಮ ಅಡುಗೆಮನೆಯಲ್ಲಿದ್ದಾಳೆ ಎನ್ನುತ್ತಿದ್ದರು. ಆಗ ನಿಜವಾಗಿಯೂ ನಿದ್ದೆ ಹೋಯಿತು. ಕಸ್ಟಮ್ಸ್ ಮೇಜಿನ ಮುಂದೆ ಕಳೆದುಕೊಳ್ಳದ ಏನನ್ನೋ ಫೋನಿನಲ್ಲಿ ಕಳೆದುಕೊಂಡೆನೇ ಎಂಬ ಅಂಜಿಕೆ.

ಕಳೆದ ತಿಂಗಳು ಚೇಚಿಯ ಸಂಬಂಧಿಕರೊಬ್ಬರು ನನಗೊಂದು ಪೊಟ್ಟಣ ತಂದುಕೊಟ್ಟರು. ಮೇಲೆ ಒಗೆದು ಇಸ್ತ್ರಿ ಮಾಡಿದ ಕಸೂತಿ ಶಾಲು, ಒಳಗೆ ಅದೇ ಸ್ಟೀಲ್ ಡಬ್ಬಿ. ಅಮ್ಮ ತಾನೇ ಬಸ್ಸಿನಲ್ಲಿ ಕೊಚ್ಚಿಗೆ ಹೋಗಿದ್ದಳಂತೆ. ಸರಿಯಾಗಿ ಆಡಲು ಬಾರದ ಮಲಯಾಳಕ್ಕೆ ಕೈಸನ್ನೆ ಸೇರಿಸುತ್ತ, ಚೇಚಿಯ ಒಲೆಯ ಮೇಲೆ, ಚೇಚಿಯ ಕಣ್ಣೆದುರಿಗೇ ಉಂಡಿ ಕಟ್ಟಿದ್ದಳಂತೆ.

ಡಬ್ಬಿಯನ್ನು ಕೋಣೆಯ ನಡುವೆ ಇಟ್ಟೆ. “ವರ್ಗೀಸೇ, ನಿನ್ನ ಅಮ್ಮ ಸೂಪರ್” ಎನ್ನುತ್ತ ಎಲ್ಲರೂ ತಿಂದರು. ಒಣಕೊಬ್ಬರಿ ಇತ್ತು, ಉತ್ತತ್ತಿ ಇತ್ತು, ಬೆಲ್ಲದ ಪಾಕ ಹದವಾಗಿತ್ತು. ನಾನೂ ತಿಂದೆ, ನಿಧಾನವಾಗಿ, ಹಲ್ಲಿನ ನಡುವೆ ಸಣ್ಣಗೆ ಒಡೆಯಬೇಕಾದದ್ದಕ್ಕೆ ಕಾಯುತ್ತ. ಅದು ಇಲ್ಲ ಎಂಬುದು ಆ ಕೋಣೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು.