ಕಾಕಾನ ಜಪಾನಿ ಮನೂಕದ ಗಿಡ

ಧಾರವಾಡದ ನಮ್ಮ ಹಿತ್ತಲಿನಲ್ಲಿ ಒಂದು ಬಾವಿ, ಒಂದು ಎಮ್ಮೆ, ಒಂದು ಜಪಾನಿ ಗಿಡ ಇದ್ದವು. ಬಾವಿ ನೀರು ಕೊಡುತ್ತಿತ್ತು, ಎಮ್ಮೆ ಹಾಲು ಕೊಡುತ್ತಿತ್ತು. ಗಿಡ ನಮ್ಮ ಕಾಕಾನಿಗೆ ಬರೀ ಮಾತು ಕೊಡುತ್ತಿತ್ತು.

ಕಾಕಾ ಹುಬ್ಬಳ್ಳಿಯಲ್ಲಿ ಅರಳೆ ವ್ಯಾಪಾರ ಮಾಡುತ್ತಿದ್ದ. ನಾನಿನ್ನೂ ಸಾಲೆಗೆ ಹೋಗುತ್ತಿದ್ದಾಗ, ಮುಂಬಯಿಗೆ ಅರಳೆ ಕೊಳ್ಳಲು ಬಂದ ಜಪಾನಿನವನೊಬ್ಬ, ಅಲ್ಲಿಗೆ ಹೋಗಿದ್ದ ಅವನಿಗೆ ಬಿಸ್ಕೀಟಿನ ಡಬ್ಬಿಯಲ್ಲಿ ನೆಟ್ಟ ಸಸಿಯೊಂದನ್ನು ಕೊಟ್ಟನಂತೆ. ಮನೂಕದಂತೆ, ಅಂದರೆ ಒಣದ್ರಾಕ್ಷಿಯಂತೆ ಸಿಹಿಯಾದ ಹಣ್ಣು ಎಂದನಂತೆ. ಅವನ ಇಂಗ್ಲಿಷು ಕಾಕಾನಿಗೆ ತಿಳಿಯಲಿಲ್ಲ, ಕಾಕಾನದು ಅವನಿಗೆ ತಿಳಿಯಲಿಲ್ಲ. ಮಿಕ್ಕಿದ್ದನ್ನು ಇಬ್ಬರೂ ತಲೆಯಾಡಿಸಿ ಮುಗಿಸಿದರು. ಅಷ್ಟಕ್ಕೇ ಕಾಕಾ ಜಪಾನಿನ ತೋಟಗಾರಿಕೆಯ ಪಂಡಿತನಾಗಿ ರೈಲಿನಿಂದ ಇಳಿದ.

ಅಜ್ಜಿಗೆ ಆ ಜಾಗದಲ್ಲಿ ಎಮ್ಮೆಗೊಂದು ತಗಡಿನ ಚಪ್ಪರ ಬೇಕಾಗಿತ್ತು. ಹಟ ಮಾಡಿ ಮಾಡಿ ಕೊನೆಗೆ ಒಂದು ಕರಾರಿಗೆ ಬಂದಳು.

"ಹಣ್ಣ ಬರೂತನಾ ತಡೀತೇನಿ. ಹಣ್ಣ ಛಲೋ ಇರಲಿಲ್ಲಂದ್ರ ಮರುದಿನಾನ ಕೊಡ್ಲಿ ಹಾಕಸ್ತೇನಿ."

ಮೊದಲ ಚಳಿಗಾಲದಲ್ಲಿ ಎಲೆಯೆಲ್ಲ ಉದುರಿ ಗಿಡ ಕೋಲಿನಂತೆ ನಿಂತಿತು. ಅಜ್ಜಿ ಸತ್ತಿತು ಎಂದಳು.

"ಸತ್ತಿಲ್ಲ ಅವ್ವಾ, ಮಲಗೇತಿ. ಜಪಾನದಾಗ ಥಂಡಿ ಬಂತಂದ್ರ ಗಿಡಾ ಮಲಗತಾವ."

"ಅಲ್ಲೆ ಗಿಡಾ ಮಲಗತಾವು, ಇಲ್ಲೆ ನೀ ಮಲಗತಿ."

ಕಾಕಾ ತನ್ನ ಹಳೆಯ ಉಣ್ಣೆ ಕೋಟನ್ನು ಗಿಡಕ್ಕೆ ತೊಡಿಸಿದ. ಬೇಸಿಗೆಯಲ್ಲಿ ಬುಡಕ್ಕೆ ಹಸಿ ಗೋಣಿಚೀಲ ಸುತ್ತಿದ. ಚಿಗುರಿದಾಗ ಬೀದಿಯವರನ್ನೆಲ್ಲ ಕರೆದು ತೋರಿಸಿದ. ಮಗು ಹುಟ್ಟಿದ ಮನೆಗೆ ಬಂದವರಂತೆ ಅವರೂ ಬಂದು, ಚಹಾ ಕುಡಿದು, ಗಿಡ ಯಾರನ್ನು ಹೋಲುತ್ತದೆ ಎಂದು ಹೇಳದೆ ಹೋದರು, ಅದೊಂದು ಉಪಕಾರ.

ನಾನು ಎಲ್ಲರ ನಕಲು ಮಾಡುತ್ತಿದ್ದೆ. ಕಾಕಾನ ನಕಲಿಗಂತೂ ಓಣಿಯಲ್ಲಿ ಬಹಳ ಬೇಡಿಕೆ. ಧೋತರದ ಚುಂಗು ಹಿಡಿದು, ಹೊಟ್ಟೆ ಮುಂದೆ ಬಿಟ್ಟು, ವೈದ್ಯ ನಾಲಿಗೆ ನೋಡಿದಂತೆ ಎಲೆಯ ಹಿಂಬದಿ ನೋಡಿ, "ಹೂಂ, ಹವಾ ಒಗ್ಗೇತಿ" ಎನ್ನುತ್ತಿದ್ದೆ. ಜನ ನಗುತ್ತಿದ್ದರು. ಹಾಗೆ ನೋಡಿದರೆ ನಾನೂ ಆ ಗಿಡದ ಜಾತಿಯವನೇ. ಅಷ್ಟರಲ್ಲಿ ಕಾಲೇಜು ಸೇರಿ ಇಂಟರ್ ಪರೀಕ್ಷೆಯಲ್ಲಿ ಒಮ್ಮೆ ನಪಾಸಾಗಿದ್ದೆ. ನನಗೂ ಮನೆಯವರು ನೀರು ಹಾಕುತ್ತಲೇ ಇದ್ದರು.

ಅಂತೂ ಒಂದು ವರ್ಷ ಗಿಡ ಕಾಯಿ ಬಿಟ್ಟಿತು. ಚಳಿ ಬಿದ್ದ ಮೇಲೆ ಗೊಂಚಲು ಗೊಂಚಲಾಗಿ ಉದುರತೊಡಗಿತು. ಶುಂಠಿಯಂತೆ ಸೊಟ್ಟಸೊಟ್ಟನೆಯ ದಪ್ಪ ಕಂದು ತೊಟ್ಟು, ಅದರ ತುದಿಯಲ್ಲಿ ಬಟಾಣಿಯಷ್ಟು ಒಣ ಕಾಯಿ. ಇಂಥದ್ದಕ್ಕೆ ಕೋಟು ತೊಡಿಸಿದ್ದನಲ್ಲ ಎಂದು ನನಗೆ ನಾಚಿಕೆಯಾಯಿತು.

ನಮ್ಮ ಮನೆಯಲ್ಲಿ ಮೊದಲ ಫಲ ಗುರುಗಳಾದ ಅಯ್ಯಾವರಿಗೆ ಸಲ್ಲಬೇಕು. ಅವರಿಗಿಂತ ಮೊದಲು ಯಾರೂ ಬಾಯಿಗೆ ಹಾಕುವಂತಿಲ್ಲ. ತೊಟ್ಟು ಸಮೇತ ಹಣ್ಣನ್ನು ಅವರ ಮುಂದೆ ಇಡುವಂತೆಯೂ ಇಲ್ಲ. ಅಜ್ಜಿ ಕುಳಿತು ತೊಟ್ಟುಗಳನ್ನೆಲ್ಲ ಶ್ರದ್ಧೆಯಿಂದ ಚಿವುಟಿ ತೆಗೆದಳು. ಬುಟ್ಟಿ ತುಂಬ ತೊಟ್ಟು ಎಮ್ಮೆಯ ಮುಂದೆ ಹೋಯಿತು, ಬಟಾಣಿಗಳು ಬೆಳ್ಳಿ ಬಟ್ಟಲು ಸೇರಿದವು.

ಅಯ್ಯಾವರು ಬಂದರು. ಪಕ್ಕದ ಮನೆಯ ಪ್ರೊಫೆಸರರೂ ಬಂದರು, ಕರೆಯದಿದ್ದರೂ ಬರುವ ವಿದ್ವಾಂಸರು. ಅಯ್ಯಾವರು ಒಂದನ್ನು ಕಡಿದರು. ಕಟುಂ ಎಂದಿತು.

"ಇದರಾಗ ಒಂದ ನಮೂನಿ ವೈರಾಗ್ಯ ಐತ್ರಿ," ಎಂದರು ಅಯ್ಯಾವರು.

"ಒಗರು ಭಾಳ ಸೂಕ್ಷ್ಮ ಅದ," ಎಂದರು ಪ್ರೊಫೆಸರರು. "ಸಾಮಾನ್ಯ ನಾಲಿಗಿಗೆ ತಿಳ್ಯೂದಿಲ್ಲ."

ಧಾರವಾಡದ ಸಭ್ಯತೆ ಇದೇ. ಹಲ್ಲು ಕೈಗೆ ಬಂದರೂ ಛಲೋ ಐತ್ರಿ ಎನ್ನುತ್ತಾರೆ. ಕಾಕಾನೂ ಒಂದನ್ನು ಬಾಯಿಗೆ ಹಾಕಿಕೊಂಡ. ಅವನ ಕೆನ್ನೆ ಒಂದು ಕಡೆ ಉಬ್ಬಿತು, ಮುಖ ಮಾತ್ರ ಇಳಿಯಿತು. ಅಜ್ಜಿಗೆ ಸಭ್ಯತೆಯ ರೋಗವಿರಲಿಲ್ಲ. ಉಗುಳಿದಳು.

"ನಾಳಿ ಮುಂಜಾನೆ ಕೊಡ್ಲ್ಯಾವನ್ನ ಕರಸ್ರಿ."

ನಗು ತಡೆಯಲಾರದೆ ಹಿತ್ತಲಿಗೆ ಓಡಿದೆ. ಅಲ್ಲಿ ನಮ್ಮ ಎಮ್ಮೆ, ಹತ್ತಿಕಾಳಿಗೂ ಮೂಗು ಮುರಿಯುವ ಆ ದೊಡ್ಡಸ್ತಿಕೆಯ ಹೆಂಗಸು, ಅರೆಗಣ್ಣು ಮುಚ್ಚಿ ಜೊಲ್ಲು ಸುರಿಸುತ್ತ ತೊಟ್ಟು ಮೇಯುತ್ತಿತ್ತು. ಅದರ ಮುಂದಿನಿಂದ ಒಂದನ್ನು ಕಸಿದು ಒರೆಸಿ ಕಡಿದೆ. ಸಿಹಿ. ಮನೂಕವನ್ನು ಬೆಲ್ಲದ ನೀರಿನಲ್ಲಿ ನೆನೆಸಿದಂಥ ಸಿಹಿ. ಒಳಗೆ ಓಡಿದೆ.

"ಕಾಕಾ, ಹಣ್ಣಂದ್ರ ಆ ತೊಟ್ಟ. ಅದನ್ನ ಎಮ್ಮಿ ತಿನ್ನಾಕತ್ತೇತಿ. ನಾವು ಬೀಜಾ ಕಡ್ಯಾಕತ್ತೇವಿ."

ಎಲ್ಲರೂ ನನ್ನ ಮುಖ ನೋಡಿದರು. ಅಯ್ಯಾವರು ಪ್ರೀತಿಯಿಂದ ಕೇಳಿದರು: "ಇದು ಯಾರ ನಕಲೋ ತಮ್ಮಾ?"

ಪ್ರೊಫೆಸರರು ನಕ್ಕರು. ಓಣಿಯವರ ದನಿಗಳಲ್ಲೇ ಬೆಳೆದವನಿಗೆ ಸ್ವಂತ ದನಿ ಎಲ್ಲಿಂದ ತರುವುದು. ಮತ್ತೊಮ್ಮೆ ಹೇಳಿದೆ, ಅದು ಇನ್ನೂ ಚೆನ್ನಾಗಿದೆ ಎಂದರು. ಕಾಕಾ ಮಾತ್ರ ನಗಲಿಲ್ಲ. "ಸಾಕ ಮಾಡೋ," ಎಂದು ಎದ್ದು ಹೊರಗೆ ಹೋಗಿ, ಗಿಡಕ್ಕೆ ಬೆನ್ನು ಮಾಡಿ ನಿಂತ.

ಮರುದಿನ ಬೆಳಿಗ್ಗೆ ಕೊಡಲಿಯವನು ಬಂದ. ಅಜ್ಜಿ ಹಾಲು ಹಿಂಡಲು ಕುಳಿತಿದ್ದಳು. ಎಮ್ಮೆ ಮುಂದಿಟ್ಟ ಮೇವು ಮುಟ್ಟದೆ ಖಾಲಿ ಬುಟ್ಟಿಯನ್ನೇ ನೆಕ್ಕುತ್ತಿತ್ತು. ಅಜ್ಜಿ ಎದ್ದು, ರಾತ್ರಿ ಹೊಸದಾಗಿ ಉದುರಿದ್ದೊಂದನ್ನು ಹೆಕ್ಕಿ, ತೊಟ್ಟನ್ನು ಬಾಯಿಗೆ ಹಾಕಿಕೊಂಡಳು. ಮೊಮ್ಮಗನ ಮಾತಿಗೆ ಇಲ್ಲದ ಬೆಲೆ ಎಮ್ಮೆಯ ನಾಲಿಗೆಗಿತ್ತು. ಬಹಳ ಹೊತ್ತು ಜಗಿದಳು.

"ಚಹಾ ಕುಡದ ಹೋಗಪಾ," ಎಂದಳು ಕೊಡಲಿಯವನಿಗೆ. "ಗಿಡಾ ಇರ್ಲಿ. ಎಮ್ಮಿಗಾತು."

ಗಿಡ ಉಳಿಯಿತು. ಆದರೆ ದನ ಮುಟ್ಟಿದ್ದನ್ನು ಇನ್ನು ಯಾವ ಗುರುಗಳ ಮುಂದೆ ಇಡುವುದು. ಅವರಿಗೆ ಸಲ್ಲದ್ದನ್ನು ಮನೆಯವರೂ ಬಾಯಿಗೆ ಹಾಕುವಂತಿಲ್ಲ. ವಾರ ಕಳೆದ ಮೇಲೆ ಕಾಕಾ ಬಂದವರಿಗೆಲ್ಲ ಹೇಳತೊಡಗಿದ: "ಜಪಾನದಿಂದ ತರಿಸಿದ ಮೇವ್ರಿ. ಹಾಲಿನ ರುಚಿ ನೋಡ್ರಿ." ಪ್ರೊಫೆಸರರು ಚಹಾ ಹೀರಿ, ಸೂಕ್ಷ್ಮ ಅದ ಎಂದರು.

ಮುಂದಿನ ಚಳಿಗಾಲ ಎಮ್ಮೆಗಿಂತ ಮೊದಲು ಹೆಕ್ಕೋಣವೆಂದು ನಸುಕಿನಲ್ಲಿ ಹಿತ್ತಲಿಗೆ ಹೋದೆ. ಕಾಕಾ ಗಿಡದ ಕೆಳಗೆ ನಿಂತಿದ್ದ. ಕೆನ್ನೆ ಒಂದು ಕಡೆ ಉಬ್ಬಿತ್ತು.

"ಬಾಯಾಗೇನೈತಿ ಕಾಕಾ?"

ತಡವರಿಸಿ ನುಂಗಿದ. "ಅಡಿಕಿ," ಎಂದ.

ಕಾಕಾ ಹುಟ್ಟಿದಾಗಿನಿಂದ ಅಡಿಕೆ ತಿಂದವನಲ್ಲ.