ಅವ್ವನ ಭಾರಕ್ಕೆ ಬಿಗಿದ ಕಮಾನು

ಈ ಬರಹದಲ್ಲಿ ದೋಷಗಳಿದ್ದರೆ ಓದುಗರು ದಯವಿಟ್ಟು ಮನ್ನಿಸಬೇಕು. ನಮ್ಮ ಮನೆತನದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಹೀಗಾಗಿ ನನ್ನ ವಾಕ್ಯಗಳನ್ನು ತಿದ್ದಬಲ್ಲ ಹಿರಿಯರು ಮನೆಯಲ್ಲಿಲ್ಲ. ತಪ್ಪಿದರೆ ನಗಬಲ್ಲವರು ಮಾತ್ರ ಶಹಾಬಜಾರದ ಓಣಿಯ ತುಂಬ ಇದ್ದಾರೆ. ಅದರ ಮೇಲೆ ನಾನು ಆರಿಸಿಕೊಂಡ ವಿಷಯವೋ, ಒಂದು ಹಳೆಯ ಕಾರಿನ ಹಿಂಬದಿಯ ಕಮಾನು ಪಟ್ಟಿಗಳು. ಇದು ಪ್ರಬಂಧಕ್ಕೆ ಒಗ್ಗುವ ವಸ್ತುವೇ ಎಂಬ ಶಂಕೆ ಬರೆಯುವಾಗಲೂ ಕಾಡುತ್ತಿದೆ. ಆದರೆ ಚಂದ್ರನ ಬಗ್ಗೆ, ಮಲ್ಲಿಗೆಯ ಬಗ್ಗೆ ಬರೆದವರು ಅವುಗಳ ಮೇಲೆ ಕುಳಿತು ಹುಮನಾಬಾದ ರಸ್ತೆಯಲ್ಲಿ ಪ್ರಯಾಣ ಮಾಡಿದವರಲ್ಲ. ನಾನು ಕಮಾನು ಪಟ್ಟಿಗಳ ಮೇಲೆ ಕುಳಿತು ಮಾಡಿದ್ದೇನೆ. ಅಷ್ಟರಮಟ್ಟಿಗೆ ನನ್ನದು ಅನುಭವದ ಮಾತು.

ಕಾರು ಕಾಂಟೆಸಾ. ಉದ್ದನೆಯ ಮೂತಿ, ಅಗಲವಾದ ಎದೆ, ನಿಂತಲ್ಲೇ ಗುರುಗುಟ್ಟುವ ಸ್ವಭಾವ. ಒಂದು ಕಾಲದಲ್ಲಿ ದೊಡ್ಡ ಅಧಿಕಾರಿಗಳು ಓಡಾಡುತ್ತಿದ್ದ ಗಾಡಿ. ಐವಾನ್-ಎ-ಶಾಹಿ ಬಡಾವಣೆಯ ನಿವೃತ್ತರೊಬ್ಬರಿಂದ ಅಪ್ಪ ಅದನ್ನು ಕೊಂಡು ತಂದಾಗ ಓಣಿಯ ಎರಡೂ ಬದಿಯ ಕಟ್ಟೆಗಳ ಮೇಲಿನವರು ಕಾಲು ಮೇಲೆತ್ತಿಕೊಂಡು ದಾರಿ ಬಿಟ್ಟಿದ್ದರು. ಅಪ್ಪನ ವ್ಯಾಪಾರ ಬಾಳೆಹಣ್ಣಿನದು. ಕಮಲಾಪುರದ ಕೆಂಪು ಬಾಳೆ. ಅಂಥ ರಾಜಗಾಡಿಯ ಡಿಕ್ಕಿಯಲ್ಲಿ ಅವರು ಮೊದಲ ವಾರವೇ ಬಾಳೆಗೊನೆಗಳನ್ನು ತುಂಬಿದರು. ಗಾಡಿಯ ಹಿಂಭಾಗ ನೆಲಕ್ಕೆ ಕುಸಿಯಿತು, ಮೂತಿ ಆಕಾಶ ನೋಡತೊಡಗಿತು.

ಆಗ ಬಂದವರು ನಮ್ಮ ಓಣಿಯ ಮೆಕ್ಯಾನಿಕ್ ಮಸ್ತಾನ ಚಾಚಾ. ಚಾಚಾ ಅವರಿಗೆ ಜಗತ್ತಿನಲ್ಲಿ ಗೊತ್ತಿಲ್ಲದ ವಿದ್ಯೆಯೆಂದರೆ ವಿನಯ ಒಂದೇ. ಹಿಂದಿನ ಚಕ್ರಗಳ ಅಚ್ಚನ್ನು ಹೊತ್ತಿರುವ ಬಾಗಿದ ಉಕ್ಕಿನ ಪಟ್ಟಿಗಳ ಕಟ್ಟಿಗೆ ಅವರು ಹಳೆಯ ಜೀಪಿನ ದಪ್ಪ ಪಟ್ಟಿಗಳನ್ನು ಸೇರಿಸಿ, "ಈಗ ಆನಿ ಕೂಡಸ್ರಿ ಶರಣಪ್ಪ ಸಾವಕಾರ್, ಗಾಡಿ ಬಗ್ಗಿದ್ರ ನನ್ನ ಮೀಸಿ ಬೋಳಸ್ತೀನಿ" ಎಂದರು. ಗಾಡಿ ನಿಜಕ್ಕೂ ಬಗ್ಗಲಿಲ್ಲ. ಹಿಂಭಾಗ ಕೆರಳಿದ ಚೇಳಿನ ಬಾಲದಂತೆ ಎದ್ದು ನಿಂತಿತು. ಗೊನೆಗಳು ಸುಖವಾಗಿ ಪ್ರಯಾಣಿಸಿದವು. ಹಿಂದಿನ ಸೀಟಿನಲ್ಲಿ ಕುಳಿತ ಮನುಷ್ಯರ ಸಂಗತಿ ಬೇರೆ.

ಇಲ್ಲಿ ತುಸು ವಿಷಯಾಂತರಕ್ಕೆ ಅನುಮತಿ ಬೇಡುತ್ತೇನೆ. ಕಮಾನು ಎಂದರೆ ಬಿಲ್ಲು. ನಮ್ಮೂರಿನ ಹಳೆಯ ಕೋಟೆ, ಮಸೀದಿ, ದರ್ಗಾಗಳಲ್ಲಿ ಇರುವುದೂ ಕಮಾನೇ. ಕಲ್ಲಿನ ಕಮಾನಿನ ಹೆಗ್ಗಳಿಕೆ ಎಷ್ಟೇ ಭಾರ ಬಿದ್ದರೂ ಅಲುಗದೆ ನಿಲ್ಲುವುದರಲ್ಲಿದೆ. ಗಾಡಿಯ ಕಮಾನಿನ ಹೆಗ್ಗಳಿಕೆ ಅಲುಗುವುದರಲ್ಲಿ. ಕೋಟೆಯ ಊರಿನಲ್ಲಿ ಹುಟ್ಟಿ ಬೆಳೆದದ್ದರಿಂದಲೋ ಏನೋ, ಅಪ್ಪ ಮತ್ತು ಚಾಚಾ ಇಬ್ಬರೂ ಮೊದಲನೆಯ ಬಗೆಯ ಕಮಾನನ್ನೇ ಕಾರಿಗೂ ಕಟ್ಟಿದ್ದರು.

ಅದರ ಫಲ ಹೋದ ವರ್ಷದ ಎಳ್ಳಮಾವಾಸ್ಯೆಯಂದು ಕಂಡಿತು. ಆ ದಿನ ನಮ್ಮ ಕಡೆ ಒಲೆಗಳು ನಸುಕಿಗೇ ಹೊತ್ತುತ್ತವೆ. ಸಜ್ಜೆ ರೊಟ್ಟಿ, ಹತ್ತಾರು ಕಾಯಿಪಲ್ಯೆ ಕೂಡಿಸಿದ ಭಜ್ಜಿ, ಮಜ್ಜಿಗೆ ಬೆರೆಸಿದ ಜೋಳದ ಅಂಬಲಿ. ಇವೆಲ್ಲವನ್ನೂ ಹೊಲಕ್ಕೆ ಒಯ್ದು, ಭೂಮಿತಾಯಿಗೆ ಪೂಜೆ ಮಾಡಿ, ಬೆಳೆಯ ನಡುವೆ ಆ ಅಡುಗೆಯನ್ನೇ ಎಡೆಯಾಗಿ ಎರಚಿ ಚರಗ ಚೆಲ್ಲಿ ಊಟ ಮಾಡುತ್ತೇವೆ. ಅಂಬಲಿಯ ಗಡಿಗೆಯನ್ನು ಅವ್ವ ಬೇರೆ ಯಾರ ಕೈಗೂ ಕೊಡುವುದಿಲ್ಲ. ತೊಡೆಯ ಮೇಲಿಟ್ಟುಕೊಂಡು ಹಿಂದಿನ ಸೀಟಿನಲ್ಲಿ ಕುಳಿತಿದ್ದಳು. ಕಮಲಾಪುರ ಇನ್ನೇನು ಬಂತು ಎನ್ನುವಾಗ ಒಂದು ರಸ್ತೆಯುಬ್ಬು ಅಡ್ಡ ಬಂತು. ಅವ್ವ ಮೇಲಕ್ಕೆ ಹೋದಳು, ಗಡಿಗೆ ಅವಳಿಗಿಂತ ಮೇಲಕ್ಕೆ ಹೋಯಿತು. ಇಬ್ಬರೂ ಕೆಳಗೆ ಬಂದಾಗ ಅಂಬಲಿ ಹೊಸ ಇಳಕಲ್ ಸೀರೆಯ ಮೇಲಿತ್ತು, ಅವ್ವನ ಸೊಂಟ ಹಿಡಿದುಕೊಂಡಿತ್ತು.

"ಮುಗೀತು," ಎಂದಳು ಅವ್ವ. "ಈ ಗಾಡ್ಯಾಗ ಇನ್ನ ನಾ ಹೋಗಂಗಿಲ್ಲ. ನೀವು ನಿಮ್ಮ ಬಾಳಿಗೊನಿ ಕೂಡಿಸ್ಕೊಂಡು ತಿರುಗಾಡ್ರಿ."

ಅಪ್ಪ ನಕ್ಕರು. ಅದು ಮಾಡಬಾರದ ಕೆಲಸವಾಗಿತ್ತು. ಅವ್ವ ಅಂದಿನಿಂದ ಆ ಗಾಡಿಯನ್ನು ಹತ್ತಲಿಲ್ಲ. ಹಿಡಿದ ಸೊಂಟಕ್ಕೆ ಬಸ್ಸೂ ಆಗಿಬರಲಿಲ್ಲ. ಇದರಲ್ಲಿ ನಗುವಂಥದ್ದು ಏನೂ ಇರಲಿಲ್ಲ, ಏಕೆಂದರೆ ಕಮಲಾಪುರದ ಹೊಲ ಅವ್ವನದು. ಅವಳ ತವರಿನಿಂದ ಅವಳ ಪಾಲಿಗೆ ಬಂದದ್ದು. ಅವಳೇ ಜಾಗ ತೋರಿಸಿ ನೆಡಿಸಿದ ಬಾಳೆ ಮೂತಿ ಒಡೆದು ಗೊನೆ ಬಿಟ್ಟರೂ ಅವಳು ನೋಡಲಿಲ್ಲ. ಅಪ್ಪ ಮೊಬೈಲಿನಲ್ಲಿ ಫೋಟೋ ತಂದು ತೋರಿಸಿದರೆ, "ಛಲೋ ಬಂದದ" ಎಂದು ಹೇಳಿ ಅಡುಗೆಮನೆಗೆ ಹೋಗಿಬಿಡುತ್ತಿದ್ದಳು. ಇನ್ನೊಂದು ಎಳ್ಳಮಾವಾಸ್ಯೆ ಹತ್ತಿರವಾಯಿತು. ಹೊಲದೊಡತಿಯೇ ಇಲ್ಲದೆ ಚರಗ ಚೆಲ್ಲುವುದು ಹೇಗೆ? ಅಪ್ಪ ಒಂದು ಮುಂಜಾನೆ ಚಹಾದ ಕಪ್ಪು ಕೆಳಗಿಟ್ಟು, "ಈ ಸಲ ಆಕಿ ತೊಡಿ ಮ್ಯಾಲಿನ ಅಂಬಲಿ ಚೆಲ್ಲಿದ್ರ ಗಾಡಿ ಮಾರಿಬಿಡ್ತೀನಿ" ಎಂದರು. ಅವರು ಆ ಗಾಡಿಯನ್ನು ಎಷ್ಟು ಪ್ರೀತಿಸುತ್ತಿದ್ದರೆಂದು ನಾನು ಬಲ್ಲೆ. ಅಂದೇ ಚಾಚಾ ಅವರಿಗೆ ಹೇಳಿ ಕಳಿಸಿದರು.

ಕಮಾನು ಸಡಿಲಿಸುವ ಕೆಲಸ ಮನೆಯ ಮುಂದಿನ ಬಯಲಿನಲ್ಲೇ ನಡೆಯಿತು. ನನ್ನನ್ನೂ ಕರೆದರು. ಮೊದಲ ತಲೆಮಾರಿನ ಪದವೀಧರರ ಪಾಡು ಓದುಗರಿಗೆ ತಿಳಿಯದ್ದಲ್ಲ. ನನ್ನದು ಬಿ.ಎಸ್‌ಸಿ., ಸೇಡಂ ರಸ್ತೆಯ ಒಂದು ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆದರೆ ಮನೆಯವರ ದೃಷ್ಟಿಯಲ್ಲಿ ಪದವಿ ಎಂಬುದು ಸರ್ವರೋಗ ನಿವಾರಿಣಿ. ವೈದ್ಯರ ಕೈಬರಹ ಓದುವುದು, ಗೀಸರ್ ಏಕೆ ಕಾಯುತ್ತಿಲ್ಲವೆಂದು ಹೇಳುವುದು, ಸಂಬಂಧಿಕರ ಮಕ್ಕಳಿಗೆ ಹೆಸರು ಇಡುವುದು, ಎಲ್ಲವೂ ನನ್ನ ಪಾಲಿಗೆ. ಆ ದಿನ ಕಮಾನು ಪಟ್ಟಿಗಳೂ ಬಂದವು.

ಗಾಡಿಯನ್ನು ಜಾಕಿನ ಮೇಲೆತ್ತಿ, ಕಟ್ಟುಗಳನ್ನು ಬಿಚ್ಚಿ, ಜೀಪಿನ ಪಟ್ಟಿಗಳನ್ನು ಕಿತ್ತು ಬೀಸಾಡಿದೆವು. ಉಳಿದವುಗಳ ತುಕ್ಕು ಉಜ್ಜಿ, ಗ್ರೀಸು ಸವರಿ ಜೋಡಿಸಿದೆವು. ಸೋರುತ್ತಿದ್ದ ಶಾಕ್ ಅಬ್ಸಾರ್ಬರ್‌ಗಳಿಗೆ ಬದಲಾಗಿ ಹೊಸವು ಬಂದವು. ಪಟ್ಟಿಗಳ ತುದಿಯ ಕಣ್ಣುಗಳಲ್ಲಿ ಸವೆದು ಹೋಗಿದ್ದ ರಬ್ಬರಿನ ಬುಶ್‌ಗಳನ್ನೂ ಬದಲಿಸಿದೆವು. ಅಪ್ಪ ಜೋಡಿಸುವ ಮೊದಲು ಪ್ರತಿ ಕಟ್ಟಿಗೂ ವಿಭೂತಿ ಹಚ್ಚಿದರು. ಚಾಚಾ ಬಿಸ್ಮಿಲ್ಲಾ ಎಂದು ಎಲ್ಲ ಬೋಲ್ಟುಗಳನ್ನೂ ಮೈಯ ಬಲವೆಲ್ಲ ಹಾಕಿ ಬಿಗಿದರು. ಜಾಕು ಇಳಿಯಿತು. ನಾವು ಹಿಂದಿನ ಸೀಟಿನಲ್ಲಿ ನೀರು ತುಂಬಿದ ಗಡಿಗೆಯಿಟ್ಟು ಒಂದು ಸುತ್ತು ಹೊರಟೆವು.

ಐವಾನ್-ಎ-ಶಾಹಿ ಮುಟ್ಟುವಷ್ಟರಲ್ಲಿ ಸೀಟು ಕೆರೆಯಾಗಿತ್ತು.

ಹಿಂಭಾಗ ಈಗಲೂ ಬಿಗಿಯಾಗಿಯೇ ಇತ್ತು. ಜೊತೆಗೆ ಕಿರ್ರೆನ್ನುವ ಹೊಸ ರಾಗವೊಂದು ಸೇರಿತ್ತು. ಮನೆಗೆ ಮರಳಿದ ಮೇಲೂ ಅಪ್ಪ ಕೆಳಗಿಳಿಯದೆ ಸ್ಟೇರಿಂಗ್ ಮೇಲೆ ಕೈಯಿಟ್ಟು ಕುಳಿತರು. ಕಟ್ಟೆಯ ಮೇಲೆ ಭಜ್ಜಿಗೆಂದು ಅವರೆಕಾಯಿ ಸುಲಿಯುತ್ತಿದ್ದ ಅವ್ವ ನಮ್ಮ ಒದ್ದೆ ಬಟ್ಟೆಗಳನ್ನು ನೋಡಿ ತಲೆ ತಗ್ಗಿಸಿದಳು. ಅವಳು ಮೂದಲಿಸಿದ್ದರೆ ಚೆನ್ನಾಗಿತ್ತು.

ನನಗೆ ಕಾರಣ ಹೊಳೆದಿತ್ತು. ಆದರೆ ಅದನ್ನು ಶುದ್ಧವಾಗಿ ಹೇಳಬೇಕಲ್ಲ! ಗಂಟಲು ಸರಿಪಡಿಸಿಕೊಂಡು, "ಚಾಚಾ, ಚಕ್ರಗಳು ನಿರಾಧಾರ ಸ್ಥಿತಿಯಲ್ಲಿದ್ದಾಗ ಬಿಗಿದುದರಿಂದ ರಬ್ಬರು ತನ್ನ ಸಹಜ ವಿನ್ಯಾಸವನ್ನು ಕಳೆದುಕೊಂಡು ತಿರುಚುಬಲಕ್ಕೆ ಒಳಗಾಗಿದೆ" ಎಂದೆ.

ಚಾಚಾ ಅಪ್ಪನ ಮುಖ ನೋಡಿದರು. "ಕ್ಯಾ ಬೋಲ್ತಿ ಸಾವಕಾರ್? ರೇಡಿಯೋದಾಗ ವಾರ್ತಾ ಬಂದಾಂಗ ಆತಲ್ಲ!"

"ನನಗೂ ತಿಳಿದಿಲ್ಲೋ ಮಸ್ತಾನ. ಆದ್ರ ಖರೇ ಇರಬೇಕು, ಆಕಿ ಓದ್ಯಾಳ."

ನಾಚಿಕೆಯನ್ನು ನುಂಗಿಕೊಂಡು ಎರಡನೆಯ ಸಲ ಪ್ರಯತ್ನಿಸಿದೆ. "ಚಾಚಾ, ಎರಡೂ ಕೈ ಮ್ಯಾಲೆತ್ತಿ ನಿಂತು ಕುಪ್ಪಸದ ಅಳತಿ ಕೊಟ್ಟೀವಿ ಅಂತ ತಿಳ್ಕೋರಿ. ಕೈ ಕೆಳಗ ಬಿಟ್ಟ ಮ್ಯಾಲ ಏನಾಗ್ತದ?"

"ಬಗಲಾಗ ಹಿಡೀತದ," ಎಂದರು ಚಾಚಾ. ಅವರ ಹೆಂಡತಿ ಓಣಿಗೆಲ್ಲ ಬಟ್ಟೆ ಹೊಲಿದುಕೊಡುವವರು. ಮರುಕ್ಷಣ ಹಣೆ ಬಡಿದುಕೊಂಡರು. "ಅರೇ! ಗಾಡಿ ಕಾಲು ಜೋತುಬಿಟ್ಟಾಗ ನಾ ಬಿಗದೀನಿ! ನೆಲದ ಮ್ಯಾಲ ನಿಂದ್ರಿಸಿ ಬಿಗೀಬೇಕಾಗಿತ್ತು. ಇದು ನನಗ ಮೊದಲೇ ಗೊತ್ತಿತ್ತು ಬೇಟಿ, ನಿನಗ ಗೊತ್ತದ ಇಲ್ಲ ಅಂತ ನೋಡಿದೆ."

ಚಕ್ರಗಳ ಕೆಳಗೆ ಶಹಾಬಾದ ಕಲ್ಲಿನ ಚಪ್ಪಡಿಗಳನ್ನು ಪೇರಿಸಿ ಗಾಡಿಯನ್ನು ತನ್ನ ಕಾಲ ಮೇಲೆ ತಾನೇ ನಿಲ್ಲಿಸಿದೆವು. ಚಾಚಾ ಕೆಳಗೆ ತೂರಿ ಬೋಲ್ಟುಗಳನ್ನೆಲ್ಲ ಸಡಿಲಿಸಿದರು. ಗಾಡಿ ಬಿಗಿಹಿಡಿದ ಉಸಿರನ್ನು ಬಿಟ್ಟಂತೆ ಇಷ್ಟೇ ಇಷ್ಟು ಕೆಳಗಿಳಿಯಿತು. ಹಬ್ಬದ ದಿನ ಕೂಡುವವರ ಭಾರವೇ ಮೇಲಿರಲಿ, ಆಮೇಲೆ ಬಿಗಿಯೋಣ ಎಂದು ನಾನು ಹೇಳಿದೆ. ಅಪ್ಪ ಮುಂದೆ ಕುಳಿತರು, ನಾನು ಹಿಂದೆ ಕುಳಿತೆ. ನನ್ನ ಪಕ್ಕದ ಜಾಗ ಖಾಲಿ ಉಳಿಯಿತು. ಅವ್ವನ ಜಾಗ. ಆಕೆ ಕೂಡದೆ ಗಾಡಿ ಸರಿಯಾಗುವುದಿಲ್ಲ. ಗಾಡಿ ಸರಿಯಾಗದೆ ಆಕೆ ಕೂಡುವುದಿಲ್ಲ. ತರ್ಕಶಾಸ್ತ್ರದಲ್ಲಿ ಇಂಥ ಇಕ್ಕಟ್ಟಿಗೆ ಒಂದು ಹೆಸರಿದೆ. ಆ ಕ್ಷಣಕ್ಕೆ ನನಗೆ ನೆನಪಾಗಲಿಲ್ಲ.

ಕೆಳಗಿನಿಂದ ಚಾಚಾ ಅವರ ಧ್ವನಿ ಬಂತು. "ಆ ಜಾಗಾದಾಗ ಬಾಳಿಗೊನಿ ಇಡ್ರಿ ಸಾವಕಾರ್. ಭಾಬಿ ಎಷ್ಟ ಗೊನಿ ಆಗ್ತಾರ?"

ಅಪ್ಪ ಕಣ್ಣು ಕಿರಿದು ಮಾಡಿ ವ್ಯಾಪಾರಿಯ ಶ್ರದ್ಧೆಯಿಂದ ಅಂದಾಜು ಹಾಕಿದರು. "ಮೂರು... ತಡಿ, ಹೋದ ವರ್ಷ ಮೂರು ಇದ್ದಿರಬಹುದು. ಈಗ ನಾಕು ಹಿಡಿ. ಸುಮಾರು ಗೊನಿ ಇದ್ರ ಐದು."

ಕಟ್ಟೆಯ ಮೇಲೆ ಅವರೆಕಾಯಿಯ ಬುಟ್ಟಿ ಸದ್ದು ಮಾಡಿತು.

"ಯಾರು ಐದು ಗೊನಿ?"

ಅಪ್ಪ ಮುಂದಿನ ಗಾಜಿನಾಚೆಗಿನ ಏನನ್ನೋ ಗಾಢವಾಗಿ ನೋಡತೊಡಗಿದರು.

"ಅಲ್ರೀ, ಲಗ್ನಾಗಿ ಇಷ್ಟು ವರ್ಷ ಆತು, ಹೆಂಡ್ತಿನ್ನ ಗೊನಿ ಲೆಕ್ಕದಾಗ ಅಳಿತೀರಲ್ಲ, ಮಂದಿ ಮುಂದ! ಸರೀರಿ ಆ ಕಡೆ. ನನ್ನ ಜಾಗಾದಾಗ ಗೊನಿ ಇಡ್ತಾರಂತ, ಗೊನಿ!" ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದವಳೇ ಬಾಗಿಲು ತೆರೆದು ನನ್ನ ಪಕ್ಕ ಧಪ್ಪನೆ ಕುಳಿತಳು.

"ಭಾಬಿ, ನಿಮ್ಮ ಆಣಿ?" ಎಂದರು ಚಾಚಾ ಕೆಳಗಿನಿಂದ, ಮೆಲ್ಲಗೆ.

"ಗಾಡ್ಯಾಗ ಹೋಗಂಗಿಲ್ಲ ಅಂದಿದ್ದೆ. ಕಲ್ಲಿನ ಮ್ಯಾಲ ನಿಂತದ್ದು ಗಾಡಿ ಹ್ಯಾಂಗ ಆಗ್ತದ ಮಸ್ತಾನ ಭಾಯಿ? ಅದು ಕಟ್ಟಿ. ನಾ ಕಟ್ಟಿ ಮ್ಯಾಲ ಕುಂತೀನಿ. ಲಗು ಬಿಗೀರಿ, ಒಲಿ ಮ್ಯಾಲ ಬ್ಯಾಳಿ ಇಟ್ಟು ಬಂದೀನಿ."

ಚಾಚಾ ಬಿಗಿದರು. ನಾವು ಮೂವರೂ ಉಸಿರಾಡಲೂ ಅಂಜಿ ಕುಳಿತೆವು. ನ್ಯಾಯಶಾಸ್ತ್ರ ಓದದೆ ಅವ್ವ ಕೊಟ್ಟ ಆ ತೀರ್ಪನ್ನು ನೆನೆದು, ನನಗೆ ತಿರುಚುಬಲವೆಂಬ ಶಬ್ದದ ಮೇಲಿದ್ದ ಅಭಿಮಾನ ಸ್ವಲ್ಪ ಇಳಿಯಿತು.

ಎಳ್ಳಮಾವಾಸ್ಯೆಯಂದು ಅಪ್ಪ ಬಾಗಿಲು ತೆರೆದು ಹಿಡಿದು ನಿಂತರು. ಅವ್ವ ಒಂದು ಗಳಿಗೆ ಗಾಡಿಯನ್ನು ಅಳೆಯುವಂತೆ ನೋಡಿ, ಗಡಿಗೆ ಹಿಡಿದು ಹತ್ತಿದಳು. ಕಂಠಮಟ್ಟ ತುಂಬಿದ ಗಡಿಗೆ. ಬೇಕೆಂದೇ ತುಂಬಿದ್ದಳೆಂದು ನನ್ನ ಅನುಮಾನ. ಊರು ದಾಟಿದೆವು. ಕಮಲಾಪುರದ ಆ ಉಬ್ಬು ಎದುರಾದಾಗ ಅಪ್ಪನ ಕುತ್ತಿಗೆಯ ನರಗಳು ಉಬ್ಬಿದ್ದವು. ಮುಂದಿನ ಚಕ್ರಗಳು ಏರಿ ಇಳಿದವು. ಹಿಂದಿನವು ಏರಿದವು. ಕಮಾನು ಬಾಗಿತು, ನೀರ ಮೇಲಿನ ಬುಟ್ಟಿಯಂತೆ ನಮ್ಮನ್ನು ಮೇಲೆತ್ತಿ ಕೆಳಗಿಳಿಸಿತು. ಅಂಬಲಿ ಗಡಿಗೆಯ ಅಂಚಿನವರೆಗೂ ಬಂದು, ಹೊರಗೆ ಇಣುಕಿ, ಹಿಂದಿರುಗಿತು.

ಅವ್ವನ ಸೀರೆ ಒಣಗಿಯೇ ಇತ್ತು. ಅಪ್ಪ ಖಾಲಿ ರಸ್ತೆಯಲ್ಲಿ ಮೂರು ಸಲ ಹಾರ್ನ್ ಹೊಡೆದರು. ಎರಡೂ ಬದಿಯ ತೊಗರಿ ಹೊಲಗಳಲ್ಲಿ ಊಟಕ್ಕೆ ಕುಳಿತಿದ್ದವರು ತಿರುಗಿ ನೋಡಿ ಕೈಬೀಸಿದರು. ನಾನು, ಶುದ್ಧ ಭಾಷೆಯ ವಿಜ್ಞಾನ ಶಿಕ್ಷಕಿ, ಕಿಟಕಿಯಿಂದ ತಲೆ ಹೊರಹಾಕಿ ಓಣಿಯ ಹುಡುಗರಂತೆ ಸಿಳ್ಳೆ ಹಾಕಿದೆ.

"ಸಾಕು ಸಾಕು," ಎಂದಳು ಅವ್ವ. "ಮುಂದ ನೋಡಿ ಹೊಡೀರಿ. ನನ್ನ ಹೊಲ ಬಂತು."

ಇದಾದ ಮೇಲೆ ನಮ್ಮ ಮನೆಯಲ್ಲಿ ಬದಲಾದದ್ದು ಇಷ್ಟು. ಬಾಳೆಗೊನೆಗಳು ಈಗ ಬಾಡಿಗೆ ಟಂಟಂ ರಿಕ್ಷಾದಲ್ಲಿ ಬರುತ್ತವೆ. ಅವ್ವ ಪ್ರತಿ ವಾರ ಅಪ್ಪನ ಜೊತೆ ಕಾಂಟೆಸಾದಲ್ಲಿ ಕಮಲಾಪುರಕ್ಕೆ ಹೋಗುತ್ತಾಳೆ. ಯಾವ ಗುಣಿಯಲ್ಲಿ ಏನು ನೆಡಬೇಕು, ಯಾವ ಗೊನೆಯನ್ನು ಎಂದು ಇಳಿಸಬೇಕು ಎಂಬುದನ್ನು ಅವಳು ಹೇಳುತ್ತಾಳೆ, ಅಪ್ಪ ಕೇಳುತ್ತಾರೆ. ಆ ಹೊಲ ಮೊದಲಿನಿಂದಲೂ ಅವಳ ಹೆಸರಿನಲ್ಲಿತ್ತು. ಈಗ ಅವಳ ಕೈಯಲ್ಲಿದೆ.