ಪಕ್ಕದವರ ಗದ್ದೆಯಲ್ಲಿ ನಿಂತ ನೀರು

ಅಥವಾ ಅಂದು ಬಸ್ಸಿನ ಕಿಟಕಿಯಿಂದ ಕಂಡ ಆ ಬಿಳುಪು ಮಂಜಿನದಲ್ಲ, ಗದ್ದೆಯ ನೀರಿನದೇ ಇರಬಹುದು. ಈ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಕುಟ್ಟ ಊರಿಗೆ ಹೋಗುವ ರಸ್ತೆಗೆ ಅಡ್ಡವಾಗಿ ಮಣ್ಣು ತುಂಬಿದ ಟಿಪ್ಪರ್ ನಿಂತಿದ್ದರಿಂದ ನಮ್ಮ ಬಸ್ಸೂ ನಿಂತಿತ್ತು. ಹೋಂಸ್ಟೇ ಕಟ್ಟಲು ಗದ್ದೆ ಮುಚ್ಚಿಸುತ್ತಿದ್ದ ಯಜಮಾನನನ್ನು ಪಕ್ಕದ ಮನೆಯ ಹೆಂಗಸು ತಡೆದಿದ್ದಳು.

“ಅಣ್ಣಾ, ಮುಚ್ಚಬೇಡಿ. ಉಳುಮೆ ನಾನೇ ಮಾಡಿಸ್ತೇನೆ, ಭತ್ತ ಪೂರಾ ನೀವೇ ಇಟ್ಕೊಳ್ಳಿ.”

“ನಿನಗೇನು ಸಿಗ್ತದೆ ಮಾರಾಯ್ತಿ?”

“ಇಲ್ಲಿ ನೀರು ನಿಂತ್ರೆ ನನ್ನ ಬಾವೀಲಿ ನೀರಿರ್ತದೆ. ಮೇಲಿನ ಗದ್ದೆ ಮುಚ್ಚಿದ ವರ್ಷವೇ ಅರ್ಧ ಇಳೀತು.”

“ಓಹೋ! ಇಷ್ಟು ವರ್ಷ ನಿಂಗೆ ಪುಕ್ಕಟೆ ನೀರು ಕೊಟ್ಟಿದ್ದು ನಂಗೇ ಗೊತ್ತಿಲ್ವಲ್ಲ!”

ಅವನು ನಕ್ಕ. ಅವಳು ನಗಲಿಲ್ಲ. ಆಮೇಲೆ ಅವನು ಮೊದಲ ಬಾರಿ ನೋಡುವವನಂತೆ ಗದ್ದೆಯತ್ತ ತಿರುಗಿದ. ನೀರಿನೊಳಗೆ ಒಂದು ಮೋಡ ಅವಳ ಮನೆಯ ಕಡೆಗೆ ಮೆಲ್ಲಗೆ ಸಾಗುತ್ತಿತ್ತು. ನಮ್ಮ ಡ್ರೈವರ್ ಹಾರ್ನ್ ಹೊಡೆದ. ಟಿಪ್ಪರ್ ಹಿಂದಕ್ಕೆ ಸರಿಯಿತು. ನಮಗೆ ದಾರಿ ಬಿಡಲೋ, ಗದ್ದೆಗೆ ಮಣ್ಣು ಸುರಿಯಲೋ, ನನಗೆ ಗೊತ್ತಿಲ್ಲ.